ಚೆಂಡಾಟ ಕಲಿಸುವವನು ಕಲಿಯಲು ಹೋದದ್ದು

ಫುಟ್‌ಬಾಲ್ ಎಂದರೆ ಗಂಡಸರ ವಿಷಯ, ಅದರ ಮಾತು ನಮ್ಮ ಪತ್ರಿಕೆಯಲ್ಲೇಕೆ ಎಂದುಕೊಂಡು ಪುಟ ತಿರುಗಿಸಿ ಉಪ್ಪಿನಕಾಯಿಯ ಕಡೆಗೆ ಹೊರಟುಬಿಡಬೇಡಿ, ಸೋದರಿಯರೇ. ಆ ಆಟದ ನಿಯಮಗಳು ನನಗೂ ಪೂರ್ತಿ ಬರುವುದಿಲ್ಲ. ಆದರೆ ಇದು ಮಕ್ಕಳ ವಿಷಯ. ಮಕ್ಕಳ ವಿಷಯವೆಂದ ಮೇಲೆ ನಮ್ಮ ವಿಷಯವೇ ಅಲ್ಲವೇ? ಜೊತೆಗೆ ನಾಲ್ಕು ಬಂಗಾರದ ಬಳೆಗಳ ವಿಷಯವೂ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಮೈಸೂರಿನಲ್ಲಿರುವ ನನ್ನ ಅಕ್ಕನ ಹಿರಿಯ ಮಗ ಬಿ.ಕಾಂ. ಓದಿ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ತಿಂಗಳಾದರೆ ಸಂಬಳ, ದೀಪಾವಳಿಗೆ ಬೋನಸ್ಸು, ಹೆಣ್ಣು ಕೊಡುವವರಿಗೆ ಹೇಳಲು ಒಂದು ಹೆಸರು, ಎಲ್ಲಾ ಇತ್ತು. ನಾಲ್ಕು ವರ್ಷದ ಹಿಂದೆ ಅದನ್ನು ಬಿಟ್ಟು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ 'ಡಿ' ಲೈಸೆನ್ಸ್ ತರಬೇತಿ ಮುಗಿಸಿ, ಬಾಡಿಗೆಯ ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ನಿಂತ. ಬೆಳಗ್ಗೆ ಆರಕ್ಕೆ ಒಂದು ಗುಂಪು, ಸಂಜೆ ಒಂದು ಗುಂಪು, ಒಟ್ಟು ನಲವತ್ತೆರಡು ಮಕ್ಕಳು. ಮೈದಾನದ ಬಾಡಿಗೆ ಕಳೆದರೆ ಉಳಿಯುವುದು ಮೊದಲಿನ ಸಂಬಳದ ಅರ್ಧ. ನಮ್ಮ ಭಾವನವರಿಗೆ ಇದು ಹಿಡಿಸಲಿಲ್ಲ. "ಕಾಲಲ್ಲಿ ಒದ್ದು ಬದುಕೋ ಕೆಲಸ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಹೀಗಿರುವಾಗ ಹೋದ ವರ್ಷ ಅವನಿಗೆ ನೆದರ್‌ಲ್ಯಾಂಡ್ಸ್‌ಗೆ ಹೋಗುವ ಅವಕಾಶ ಬಂತು. ಬೇರೆ ಬೇರೆ ಊರಿನ ಕೆಲವು ತರಬೇತುದಾರರು ಸೇರಿ ಹನ್ನೆರಡು ದಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದು, ಅಲ್ಲಿನ ಹೆಸರಾಂತ ಕ್ಲಬ್ ಮಕ್ಕಳಿಗೆ ಹೇಗೆ ಆಟ ಕಲಿಸುತ್ತದೆಂದು ನೋಡಿ ಬರುವುದು. ಖರ್ಚು ಎರಡೂವರೆ ಲಕ್ಷದ ಮೇಲೆ, ಅವರವರೇ ಹಾಕಿಕೊಳ್ಳಬೇಕು. ಭಾವ ಕೊಡುವುದಿಲ್ಲವೆಂದರು. ಅಕ್ಕ ಯಾರನ್ನೂ ಕೇಳದೆ ಬೀರು ತೆಗೆದು, ನಮ್ಮ ಅಮ್ಮ ಅವಳ ಮದುವೆಯಲ್ಲಿ ಹಾಕಿದ್ದ ನಾಲ್ಕು ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು ಬಂದಳು. ಅಮ್ಮನ ಬಳೆ ಎಂದು ಕೇಳಿದಾಗ ನನ್ನ ಎದೆಯೂ ಒಮ್ಮೆ ಝಲ್ಲೆಂದಿತು. ಫೋನಿನಲ್ಲಿ ಕೇಳಿಯೇಬಿಟ್ಟೆ.

"ಮದುವೆ ಮುಂಜಿಗೆ ಹಾಕ್ಕೊಂಡು ಮತ್ತೆ ಬೀರುವಿನಲ್ಲಿ ಇಡೋದು ತಾನೇ? ಹುಡುಗ ಕಲಿತು ಬರಲಿ ಬಿಡು" ಎಂದಳು ಅಕ್ಕ. ಭಾವ ಎಂಟು ದಿನ ಮಗನ ಜೊತೆ ಮಾತು ಬಿಟ್ಟರು.

ಅವನು ಹೋದದ್ದು 'ಅಜಾಕ್ಸ್' ಎಂಬ ಕ್ಲಬ್ಬಿಗೆ. ಬರೆಯುವುದು ಹಾಗೆ, ಅಲ್ಲಿಯವರು ಹೇಳುವುದು 'ಅಯಾಕ್ಸ್' ಎಂದಂತೆ. 1900ರಲ್ಲಿ ಶುರುವಾದದ್ದು. ನೆದರ್‌ಲ್ಯಾಂಡ್ಸ್ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕ ದೇಶ, ಜನ 1.8 ಕೋಟಿಯ ಸುಮಾರು. ಅಷ್ಟು ಸಣ್ಣ ದೇಶ 1974, 1978 ಮತ್ತು 2010ರಲ್ಲಿ ವಿಶ್ವಕಪ್ ಫೈನಲ್‌ವರೆಗೆ ಹೋಗಿದೆ. ಮೂರು ಸಲವೂ ಸೋತರು, ಆದರೂ ಅಲ್ಲಿಯವರೆಗೆ ಹೋಗುವುದೆಂದರೆ ಸಾಮಾನ್ಯವೇ? ಅಜಾಕ್ಸ್‌ನ ವಿಶೇಷವೆಂದರೆ ಅವರು ಏಳೆಂಟು ವರ್ಷದ ಮಕ್ಕಳನ್ನು ಸೇರಿಸಿಕೊಂಡು ತಾವೇ ಬೆಳೆಸುತ್ತಾರೆ. ಮಕ್ಕಳು ಕಲಿಯುವ ಮೈದಾನಗಳಿಗೆ ಅವರ ಭಾಷೆಯಲ್ಲಿ 'ಭವಿಷ್ಯ' ಎಂದೇ ಹೆಸರು. 1995ರಲ್ಲಿ ಈ ಕ್ಲಬ್ಬು ಯೂರೋಪಿನ ದೊಡ್ಡ ಕಪ್ ಗೆದ್ದಾಗ ಗೆಲುವಿನ ಗೋಲು ಹೊಡೆದ ಪ್ಯಾಟ್ರಿಕ್ ಕ್ಲೈವರ್ಟ್ ಅಲ್ಲಿಯೇ ಕಲಿತವನು. ಆಗ ಅವನಿಗೆ 18 ವರ್ಷ. 2019ರಲ್ಲಿ ಅದೇ ಪಂದ್ಯಾವಳಿಯ ಸೆಮಿಫೈನಲ್ ತಲುಪಿದ ತಂಡದ ನಾಯಕ ಮಟೈಸ್ ಡೆ ಲಿಖ್ಟ್‌ಗೆ 19 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗರಿಗೆ ಬೆಳಗ್ಗೆ ಎಬ್ಬಿಸಿ ಕಾಫಿ ಕೊಡಬೇಕು!

ಈ ಕ್ಲಬ್ಬಿನ ಕತೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಬ್ಬ ತಾಯಿಯ ಸಂಗತಿ. ಯೋಹಾನ್ ಕ್ರೈಫ್ ಎಂಬ ಆಟಗಾರನ ಹೆಸರನ್ನು ನಿಮ್ಮ ಮನೆಯ ಗಂಡಸರು ಕೇಳಿರಬಹುದು. ಯೂರೋಪಿನ ಅತ್ಯುತ್ತಮ ಆಟಗಾರನೆಂಬ ಚಿನ್ನದ ಚೆಂಡನ್ನು ಮೂರು ಬಾರಿ ಪಡೆದವನು. ಹುಟ್ಟಿದ್ದು 1947ರಲ್ಲಿ, ಅಜಾಕ್ಸ್‌ನ ಹಳೆಯ ಮೈದಾನದ ಹತ್ತಿರದ ಬಡಾವಣೆಯಲ್ಲಿ. ಅಪ್ಪ ತರಕಾರಿ ಅಂಗಡಿ ಇಟ್ಟಿದ್ದರು. ಹತ್ತನೇ ವಯಸ್ಸಿಗೆ ಹುಡುಗ ಕ್ಲಬ್ಬಿಗೆ ಸೇರಿದ. 1959ರಲ್ಲಿ, ಅವನಿಗೆ 12 ವರ್ಷವಾಗಿದ್ದಾಗ, ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ತಾಯಿ ಸಂಸಾರ ನಡೆಸಲು ಅದೇ ಕ್ಲಬ್ಬಿನಲ್ಲಿ ಗುಡಿಸಿ ಒರೆಸುವ ಕೆಲಸ ಹಿಡಿದರು. ತಾಯಿ ನೆಲ ಒರೆಸಿದ ಕ್ಲಬ್ಬಿನಲ್ಲಿ ಮಗ ಆಡಿ 1971, 1972, 1973 ಹೀಗೆ ಸಾಲಾಗಿ ಮೂರು ವರ್ಷ ಯೂರೋಪಿನ ಕಪ್ ತಂದುಕೊಟ್ಟ. 2016ರಲ್ಲಿ ಅವನು ತೀರಿಕೊಂಡ ಮೇಲೆ, 2018ರಲ್ಲಿ ಕ್ಲಬ್ಬಿನ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟರು. ಅಕ್ಕನಿಗೆ ಈ ಕತೆ ಹೇಳಿದಾಗ ಅವಳು ಮಗನ ಸುದ್ದಿ ಬಿಟ್ಟು, "ಪಾಪ, ಆ ತಾಯಿಗೆ ಎಷ್ಟು ವಯಸ್ಸಾಗಿತ್ತೋ" ಎಂದು ಕೇಳಿದಳು.

ಅಕ್ಕ ಮಗನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹುರಿದ ಅವಲಕ್ಕಿ, ಎರಡು ಬಾಟಲಿ ನಿಂಬೆಹಣ್ಣಿನ ಉಪ್ಪಿನಕಾಯಿ ತುಂಬಿ ಕಳಿಸಿದ್ದಳು. ಅಲ್ಲಿ ಬೆಳಗ್ಗೆ ದೊಡ್ಡವರು ಕೂಡ ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಾರಂತೆ, ಮಧ್ಯಾಹ್ನ ಮತ್ತೆ ಬ್ರೆಡ್ಡು, ಚೀಸು. "ಚಿಕ್ಕಮ್ಮಾ, ಮೂರನೇ ದಿನಕ್ಕೇ ಬ್ರೆಡ್ಡಿಗೆ ಚಟ್ನಿಪುಡಿ ಬಂತು ನೋಡಿ" ಎಂದು ನಕ್ಕ.

ಬಂದವನ ಕೈಯಲ್ಲಿ ಒಂದು ದಪ್ಪ ನೋಟ್‌ಪುಸ್ತಕ ಇತ್ತು. ನಾನು ಮೈಸೂರಿಗೆ ಹೋದಾಗ ಅದನ್ನು ಓದಿ ಹೇಳಿಸಿಕೊಂಡೆ. ನಮಗೆ ಬೇಕಾದಷ್ಟನ್ನು ನಿಮಗೆ ಹೇಳುತ್ತೇನೆ.

ಮೊದಲನೆಯದು, ಚಿಕ್ಕ ಮಕ್ಕಳಿಗೆ ಚಿಕ್ಕ ಮೈದಾನ. ನೆದರ್‌ಲ್ಯಾಂಡ್ಸ್‌ನಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಹನ್ನೊಂದು ಜನರ ತಂಡದಲ್ಲಿ ಆಡುವುದಿಲ್ಲ. ಒಂದೊಂದು ಕಡೆಗೆ ಆರು ಜನ. ಮೈದಾನ 42.5 ಮೀಟರ್ ಉದ್ದ, 30 ಮೀಟರ್ ಅಗಲ, ದೊಡ್ಡವರ ಮೈದಾನದ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕೂ ಚಿಕ್ಕವರಾದರೆ ನಾಲ್ಕೇ ಜನ. ಕಾರಣ ಸರಳವಾದದ್ದು. ದೊಡ್ಡ ಮೈದಾನದಲ್ಲಿ ಇಪ್ಪತ್ತೆರಡು ಮಕ್ಕಳನ್ನು ಬಿಟ್ಟರೆ ಎತ್ತರದ ನಾಲ್ಕು ಹುಡುಗರ ಕಾಲಿಗೆ ಮಾತ್ರ ಚೆಂಡು ಸಿಗುತ್ತದೆ, ಉಳಿದವರು ಗಾಳಿಗೆ ಓಡಿ ಸುಸ್ತಾಗಿ ಮನೆಗೆ ಬರುತ್ತಾರೆ. ದೊಡ್ಡ ಪರಾತಕ್ಕೆ ಹಿಟ್ಟು ಹಾಕಿ ಹತ್ತು ಹುಡುಗಿಯರನ್ನು ಕೂರಿಸಿ ಚಪಾತಿ ಕಲಿಸಲು ಆದೀತೇ? ಒಬ್ಬೊಬ್ಬಳ ಕೈಗೂ ಒಂದು ಉಂಡೆ ಕೊಟ್ಟರೆ ತಾನೇ ಲಟ್ಟಣಿಗೆ ತಿರುಗುವುದು?

ಎರಡನೆಯದು, ಸುತ್ತ ನಿಂತು ಆಡುವ ಒಂದು ಆಟ. ಐದಾರು ಜನ ದುಂಡಗೆ ನಿಂತು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ತಳ್ಳುತ್ತಾರೆ, ಮಧ್ಯೆ ನಿಂತ ಒಬ್ಬ ಅಥವಾ ಇಬ್ಬರು ಕಸಿದುಕೊಳ್ಳಬೇಕು. ಇದಕ್ಕೆ 'ರೊಂಡೋ' ಎನ್ನುತ್ತಾರೆ. ನಾವು ಲಂಗ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಒಬ್ಬಳನ್ನು ಮಧ್ಯೆ ನಿಲ್ಲಿಸಿ ಚೆಂಡು ಎಸೆದಾಡಿ ಅಳಿಸುತ್ತಿದ್ದೆವಲ್ಲ, ಅದೇ! ಕ್ರೈಫ್ 1988ರಿಂದ 1996ರವರೆಗೆ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ ಗುರುವಾಗಿದ್ದಾಗ ಇದನ್ನು ದಿನನಿತ್ಯದ ಪಾಠವನ್ನಾಗಿ ಮಾಡಿದ. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ಮಗು ಯೋಚಿಸಲು ಕಲಿಯುತ್ತದೆ.

ಮೂರನೆಯದು ನಾಲ್ಕು ಗುಣಗಳು. ಅಜಾಕ್ಸ್‌ನವರು ಮಕ್ಕಳನ್ನು ಆರಿಸುವಾಗ ನೋಡುತ್ತಾ ಬಂದದ್ದು ಇವನ್ನೇ: ಚೆಂಡಿನ ಮೇಲಿನ ಹಿಡಿತ, ಆಟವನ್ನು ಅರಿಯುವ ಬುದ್ಧಿ, ವ್ಯಕ್ತಿತ್ವ, ವೇಗ. ಎತ್ತರ ಎಷ್ಟು, ತೂಕ ಎಷ್ಟು ಎಂಬುದು ಈ ನಾಲ್ಕರಲ್ಲಿ ಇಲ್ಲ, ಗಮನಿಸಿ.

ನಾಲ್ಕನೆಯದು ಹುಟ್ಟಿದ ತಿಂಗಳಿನ ಸಂಗತಿ. ಇದನ್ನು ಕೇಳಿ ನಾನು ಮೂಗಿನ ಮೇಲೆ ಬೆರಳಿಟ್ಟೆ. ಆಟಗಳಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸುತ್ತಾರಲ್ಲ, ಲೆಕ್ಕ ಜನವರಿ ಒಂದರಿಂದ. ಜನವರಿಯಲ್ಲಿ ಹುಟ್ಟಿದ ಹುಡುಗನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತು ವರ್ಷದ ಪ್ರಾಯದಲ್ಲಿ ಹನ್ನೊಂದು ತಿಂಗಳೆಂದರೆ ಎಷ್ಟು ಅಂತರವೆಂದು ತಾಯಂದಿರಿಗೆ ಹೇಳಿಕೊಡಬೇಕೇ? ಹೀಗಾಗಿ ದೊಡ್ಡ ಕ್ಲಬ್ಬುಗಳಿಗೆ ಆಯ್ಕೆಯಾಗುವವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು ಹಲವು ದೇಶಗಳಲ್ಲಿ ಲೆಕ್ಕ ಹಾಕಿ ಕಂಡುಕೊಂಡಿದ್ದಾರೆ. ಮಗುವಿಗೆ ಆಟ ಬರುವುದಿಲ್ಲವೆಂದು ತಿಳಿದವರು ಅದು ಇನ್ನೂ ಬೆಳೆದಿಲ್ಲ ಎಂಬುದನ್ನು ಮರೆತಿರುತ್ತಾರೆ. ಶಾಲೆಯಲ್ಲೂ ಹೀಗೇ ಅಲ್ಲವೇ? ಒಂದನೇ ತರಗತಿಗೆ ಬೇಗ ಸೇರಿಸಿದ ಮಗುವನ್ನು ಪಕ್ಕದ ಮನೆಯ ಮಗುವಿಗೆ ಹೋಲಿಸಿ ಎಷ್ಟು ಜನ ಅಳಿಸಿಲ್ಲ!

ಹಾಗೆಂದು ಅಲ್ಲಿ ಎಲ್ಲವೂ ಹಾಲುಜೇನು ಎಂದುಕೊಳ್ಳಬೇಡಿ. ಪ್ರತಿ ವರ್ಷ ಕೊನೆಗೆ ಮಕ್ಕಳ ಪರಿಶೀಲನೆ ನಡೆಯುತ್ತದೆ. ಕೆಲವರು ಮುಂದಿನ ವರ್ಷಕ್ಕೆ ಉಳಿಯುತ್ತಾರೆ, ಕೆಲವರನ್ನು ಮನೆಗೆ ಕಳಿಸುತ್ತಾರೆ. ಏಳು ವರ್ಷಕ್ಕೆ ಸೇರಿದ ಮಗುವನ್ನು ಹನ್ನೆರಡಕ್ಕೋ ಹದಿನಾಲ್ಕಕ್ಕೋ 'ಸಾಕು' ಎಂದರೆ ಅದರ ಮನಸ್ಸು ಏನಾದೀತು? ಕೊನೆಯವರೆಗೆ ಉಳಿದು ದೊಡ್ಡ ತಂಡಕ್ಕೆ ಬರುವವರು ಬೆರಳೆಣಿಕೆ. ಕ್ಲಬ್ಬು ವ್ಯಾಪಾರವೂ ಹೌದು. ಅದರ ಷೇರುಗಳು 1998ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಪೇಟೆಗೆ ಬಂದವು. ಒಂಬತ್ತನೇ ವಯಸ್ಸಿಗೆ ಸೇರಿದ ಡೆ ಲಿಖ್ಟ್‌ನನ್ನು 2019ರಲ್ಲಿ ಇಟಲಿಯ ಯುವೆಂಟಸ್‌ಗೆ ಕೊಟ್ಟಾಗ ಬಂದದ್ದು 7.5 ಕೋಟಿ ಯೂರೋ. ಬೆಳೆ ತೆಗೆಯಲು ತೋಟ ಮಾಡಿದವರು ಬೆಳೆ ಮಾರುತ್ತಾರೆ, ಅದರಲ್ಲಿ ಗುಟ್ಟೇನಿಲ್ಲ. "ಇದೊಂದನ್ನು ಮಾತ್ರ ನಾನು ಅಲ್ಲಿಂದ ತರಲಿಲ್ಲ ಚಿಕ್ಕಮ್ಮ. ನನ್ನ ಹತ್ತಿರ ಬಂದ ಮಗುವನ್ನು ನಾನಾಗಿ ಕಳಿಸೋದಿಲ್ಲ" ಎಂದ ಹುಡುಗ.

ನಮ್ಮಲ್ಲಿ ಈ ಆಟ ಹೊಸದೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 2-1ರಿಂದ ಸೋತರು. ನಮ್ಮ ಕಡೆಯ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಗಲ್ಲಿಗಲ್ಲಿಗೆ ಫುಟ್‌ಬಾಲ್, ಅಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಬೀದಿಯಲ್ಲಿ, ಕಿರಿದಾದ ಜಾಗದಲ್ಲಿ, ಯಾರೂ ಕೂಗದೆ ಮಕ್ಕಳು ತಾವಾಗಿ ಆಡುವುದರಿಂದಲೇ ಕ್ರೈಫ್‌ನಂಥವನೂ ಕಲಿತದ್ದು.

ಸರಿ, ಬಂದು ಏನು ಮಾಡಿದ ಅಂತೀರಾ? ಬಂದ ವಾರವೇ ಮೈದಾನವನ್ನು ಸುಣ್ಣದ ಗೆರೆ ಹಾಕಿ ನಾಲ್ಕು ತುಂಡು ಮಾಡಿದ. ಹನ್ನೆರಡು ವರ್ಷದ ಒಳಗಿನವರಿಗೆ ಕಪ್ ಇರುವ ಪಂದ್ಯಗಳನ್ನು ನಿಲ್ಲಿಸಿದ. ಹೆತ್ತವರು ನಿಲ್ಲುವ ಜಾಗಕ್ಕೆ ಹಗ್ಗ ಕಟ್ಟಿ, "ದಯವಿಟ್ಟು ಇಲ್ಲಿಂದ ಚಪ್ಪಾಳೆ ಮಾತ್ರ" ಎಂದು ಕೈ ಮುಗಿದು ಹೇಳಿದ. ಅಲ್ಲಿಗೆ ಶುರುವಾಯಿತು ನೋಡಿ. "ತಿಂಗಳಾ ತಿಂಗಳಾ ಫೀಸು ಕೊಡೋದು ಸುಮ್ಮನೆ ನೋಡೋಕಾ?" ಎಂದರು ಒಬ್ಬ ತಂದೆ. "ಹೋದ ವರ್ಷ ನನ್ನ ಮಗನಿಗೆ ಎರಡು ಕಪ್ ಬಂದಿತ್ತು, ಷೋಕೇಸಿನಲ್ಲಿ ಇಟ್ಟಿದ್ದೇವೆ. ಈ ವರ್ಷ ನೆಂಟರಿಗೆ ಏನು ತೋರಿಸೋಣ?" ಎಂದರು ಇನ್ನೊಬ್ಬ ತಾಯಿ. ಮೂರು ತಿಂಗಳಲ್ಲಿ ಹದಿಮೂರು ಮಕ್ಕಳು ಬಿಟ್ಟುಹೋದರು. ನಲವತ್ತೆರಡು ಇಪ್ಪತ್ತೊಂಬತ್ತಾಯಿತು. ಬ್ಯಾಂಕಿನ ಬಡ್ಡಿ ಮಾತ್ರ ಒಂದು ಪೈಸೆ ಕಡಿಮೆಯಾಗಲಿಲ್ಲ.

ಉಳಿದವರಲ್ಲಿ ಒಬ್ಬ ಹುಡುಗ ಇದ್ದಾನೆ. ನವೆಂಬರಿನಲ್ಲಿ ಹುಟ್ಟಿದವನು, ಹನ್ನೊಂದು ವರ್ಷಕ್ಕೆ ಎಂಟರವನಂತೆ ಕಾಣುತ್ತಾನೆ. ತಾಯಿ ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ, ಫೀಸು ಎರಡು ಕಂತಿನಲ್ಲಿ ಕೊಡುತ್ತಾಳೆ. ಮೊದಲು ದೊಡ್ಡ ಮೈದಾನದಲ್ಲಿ ಆಡುವಾಗ ಆ ಹುಡುಗ ಇಡೀ ಬೆಳಗ್ಗೆ ಚೆಂಡು ಮುಟ್ಟಿದ್ದನ್ನು ಬೆರಳಲ್ಲಿ ಎಣಿಸಬಹುದಿತ್ತಂತೆ. ನಾನು ಹೋಗಿ ನೋಡಿದ ದಿನ ಅವನು ನಾಲ್ಕು ಜನರ ಆಟದಲ್ಲಿ ದೊಡ್ಡ ಹುಡುಗನೊಬ್ಬನ ಕಾಲ ಸಂದಿಯಿಂದ ಚೆಂಡು ತಳ್ಳಿ ಆಚೆ ಹೋಗಿ ಮತ್ತೆ ಹಿಡಿದ. ಗೋಲು ಆಗಲಿಲ್ಲ. ಆದರೆ ಮೈದಾನದಲ್ಲಿದ್ದ ಮಕ್ಕಳೆಲ್ಲ "ಓ" ಎಂದರು. ಹಗ್ಗದ ಆಚೆ ಅವನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮುಂದೆ ಅವನು ದೊಡ್ಡ ಆಟಗಾರ ಆಗುತ್ತಾನೆಂದು ನಾನು ಹೇಳುವುದಿಲ್ಲ, ನನ್ನ ಅಕ್ಕನ ಮಗನೂ ಹೇಳುವುದಿಲ್ಲ.

ನಿಮ್ಮ ಮಕ್ಕಳೂ ಯಾವುದಾದರೂ ಆಟಕ್ಕೆ ಹೋಗುತ್ತಿದ್ದರೆ ನಾಲ್ಕು ಮಾತು ನೆನಪಿಡಿ.

ಆಟ ಮುಗಿಸಿ ಬಂದ ಮಗುವನ್ನು "ಗೆದ್ದೆಯಾ?" ಎಂದು ಮೊದಲು ಕೇಳಬೇಡಿ. "ಇವತ್ತು ಏನು ಆಡಿಸಿದರು?" ಎಂದು ಕೇಳಿ, ಮಗು ತಾನಾಗಿ ಎಲ್ಲ ಹೇಳುತ್ತದೆ.

ಮೈದಾನದ ಬದಿಯಲ್ಲಿ ನಿಂತು "ಒದಿ, ಓಡು" ಎಂದು ಕೂಗಬೇಡಿ. ಗುರು ಹೇಳುವುದು ಒಂದು, ಅಮ್ಮ ಹೇಳುವುದು ಇನ್ನೊಂದಾದರೆ ಮಗು ಎರಡನ್ನೂ ಬಿಟ್ಟು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತದೆ.

ಸೇರಿಸುವ ಮೊದಲು ಒಂದು ದಿನ ಹೋಗಿ ನೋಡಿ. ಪ್ರತಿ ಮಗುವಿಗೂ ಚೆಂಡು ಸಿಗುತ್ತಿದೆಯೇ, ಇಲ್ಲ ಸಾಲಿನಲ್ಲಿ ನಿಂತು ಸರದಿ ಕಾಯುವುದರಲ್ಲೇ ಗಂಟೆ ಕಳೆಯುತ್ತಿದೆಯೇ? ಇಷ್ಟು ಗುರುತಿಸಲು ನಮಗೆ ಆಟ ಬರಬೇಕಾಗಿಲ್ಲ.

ನಾಲ್ಕನೆಯದು ಬಹಳ ಮುಖ್ಯ. "ನಿಮ್ಮ ಹುಡುಗನನ್ನು ವಿದೇಶದ ಕ್ಲಬ್ಬಿಗೆ ಸೇರಿಸುತ್ತೇವೆ, ಇಷ್ಟು ಲಕ್ಷ ಕೊಡಿ" ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿ. 18 ವರ್ಷ ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸುವುದನ್ನು ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫೀಫಾ ನಿಷೇಧಿಸಿದೆ. ತಂದೆತಾಯಿ ಆಟಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ, ಅಥವಾ ಅಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಹೊಲ ಮನೆ ಮಾರಿ ದುಡ್ಡು ಕೊಟ್ಟ ಮೇಲೆ ಈ ನಿಯಮ ತಿಳಿದರೆ ಏನು ಪ್ರಯೋಜನ?

ಬಳೆಗಳು ಇನ್ನೂ ಬ್ಯಾಂಕಿನಲ್ಲೇ ಇವೆ. ಬರುವ ಯುಗಾದಿಯೊಳಗೆ ಮಕ್ಕಳ ಸಂಖ್ಯೆ ಮೂವತ್ತೈದಾಗದಿದ್ದರೆ ಬೆಳಗಿನ ಹೊತ್ತು ಯಾರದಾದರೂ ಅಂಗಡಿಯ ಲೆಕ್ಕ ಬರೆದು ಸಂಜೆ ಮಾತ್ರ ಕಲಿಸುತ್ತೇನೆಂದು ಹುಡುಗ ಅಪ್ಪನಿಗೆ ಮಾತು ಕೊಟ್ಟಿದ್ದಾನೆ. ಸುಣ್ಣದ ಗೆರೆ ಅಳಿಸಿ ಮತ್ತೆ ಕಪ್ ಹಂಚಿದರೆ ಹೋದ ಮಕ್ಕಳು ನಾಳೆಯೇ ಬಂದಾರು, ಅದು ಅವನಿಗೂ ಗೊತ್ತು, ಆದರೆ ಒಪ್ಪುತ್ತಿಲ್ಲ. ಭಾವ ಈಗಲೂ ಹೆಚ್ಚು ಮಾತಾಡುವುದಿಲ್ಲ. ಆದರೆ ಹೋದ ತಿಂಗಳ ಬಡ್ಡಿಯನ್ನು ಕಟ್ಟಿ ಬಂದು ರಸೀದಿಯನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟವರು ಅವರೇ ಎಂದು ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು.

ನಿಮ್ಮೂರಿನಲ್ಲೂ ಇಂಥ ಒಬ್ಬ ಹುಡುಗ ಅಥವಾ ಹುಡುಗಿ ಖಾಲಿ ಮೈದಾನದಲ್ಲಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಏನಾದರೂ ಕಲಿಸುತ್ತಿರಬಹುದು. ಷೋಕೇಸಿಗೆ ಏನು ಬಂತೆಂದು ಕೇಳುವ ಮೊದಲು ಒಂದು ವರ್ಷ ಕಾಲ ಕೊಡಿ. ನಿಮ್ಮ ಮಗುವೂ ಅಷ್ಟರಲ್ಲಿ ಒಂದು ವರ್ಷ ಬೆಳೆದಿರುತ್ತದೆ.